ಮೇಜಿನ ಕಾಲಡಿಯ ಊರು

ಇದನ್ನು ಓದಿ ನಗುವವರು ನಗಲಿ. ಮೊದಲು ನಾನೂ ನಗುವವರ ಸಾಲಿನಲ್ಲೇ ಇದ್ದವನು. ಆದರೆ ಆ ರಾತ್ರಿ ನಾನು ಕುಡಿದಿರಲಿಲ್ಲ, ತೂಕಡಿಸಿರಲಿಲ್ಲ, ಮೈಯಲ್ಲಿ ಜ್ವರವೂ ಇರಲಿಲ್ಲ. ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ರಾಮನಗರದ ಸುತ್ತಮುತ್ತ ಹೊಲಗಳಲ್ಲೆಲ್ಲ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಹೊಂಗನೂರಿನವನಾದ ನನಗೆ ಅಂಥದೊಂದು ಹೊಸ ಕಾರ್ಖಾನೆಯಲ್ಲಿ ಲಾರಿ ತೂಕ ಮಾಡುವ ಕೆಲಸ ಸಿಕ್ಕಿತ್ತು. ರಾತ್ರಿ ಪಾಳಿ. ತಗಡಿನ ಕೋಣೆ, ಒಂದು ಹಳೇ ಕಂಪ್ಯೂಟರ್, ನಾನು. ಕೆಲವು ರಾತ್ರಿ ಒಂದು ಲಾರಿಯೂ ಬರುತ್ತಿರಲಿಲ್ಲ. ಮಾತಿಲ್ಲದೆ ಬಾಯಿಗೆ ತುಕ್ಕು ಹಿಡಿಯುತ್ತಿತ್ತು.

ಆ ಕಂಪ್ಯೂಟರಿನಲ್ಲಿ ಯಾರೋ ಹಾಕಿಟ್ಟು ಹೋದ ಆಟವೊಂದಿತ್ತು. ಹಡಗಿನಲ್ಲಿ ಸಮುದ್ರ ದಾಟಿ ಹೊಸ ಖಂಡ ಹುಡುಕಬೇಕು. ಕಾಡು ಕಡಿದು ಊರು ಕಟ್ಟಬೇಕು. ಜನರನ್ನು ತಂದು ಹೊಲಕ್ಕೆ, ಗಿರಣಿಗೆ ಹಚ್ಚಬೇಕು. ಮೊದಲೇ ಅಲ್ಲಿದ್ದವರನ್ನು ಮೆಲ್ಲಗೆ ಆಚೆ ತಳ್ಳಬೇಕು. ಊರಿನ ಹೆಸರು ನಮ್ಮಿಷ್ಟ. ನನ್ನ ಮೊದಲ ಊರಿಗೆ ಬೋರನದೊಡ್ಡಿ ಎಂದಿಟ್ಟೆ. ಈ ಕಾರ್ಖಾನೆಗಾಗಿ ಎತ್ತಂಗಡಿಯಾದ ಊರಿನ ಹೆಸರದು. ಗೇಟ್ ಕಾಯುವ ಕೆಂಚಣ್ಣ ಆ ಊರಿನವನೇ.

ಕೆಂಚಣ್ಣ ದಿನಾ ಫ್ಲಾಸ್ಕಿನಲ್ಲಿ ಟೀ ತಂದು ಗಳಿಗೆ ಹೊತ್ತು ಕೂರುತ್ತಿದ್ದ. ನಾನು ರಾತ್ರಿಯಿಡೀ ಕಾಯುತ್ತಿದ್ದುದು ಆ ಗಳಿಗೆಗೇ.

"ಊರು ಕಟ್ಟೋವಾಗ ಮೊದ್ಲು ಕರುಗಲ್ಲು ನೆಡ್ತಾರೆ ಕಣಪ್ಪ," ಎಂದ ಒಂದು ದಿನ. "ಮೊಳದುದ್ದದ ಕಲ್ಲು. ಹಾಲು ಹುಯ್ದು, ಅರಿಸ್ನ ಬಳ್ದು, ಆಮ್ಯಾಕೇ ಮನೆ. ಕಲ್ಲು ಇರೋಗಂಟ ಊರು ಐತೆ ಅಂತ್ಲೇ. ಜೇಸಿಬಿ ಅದ್ನೂ ಎತ್ತಾಕ್ಬುಡ್ತು. ಸಿಕ್ಕುದ್ರೆ ತಕಂಡು ಹೊಂಟೋಯ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಣ್ಣು ಮೇಜಿನ ಕೆಳಕ್ಕೆ ಹೋಯಿತು. ಮೇಜಿನ ಒಂದು ಕಾಲು ಮೋಟು ಎಂದು ಜೇಸಿಬಿ ಒಟ್ಟಿದ್ದ ಮಣ್ಣಿನ ಗುಡ್ಡೆಯಿಂದ ಕಲ್ಲೊಂದನ್ನು ತಂದು ಅಡ್ಡ ಮಲಗಿಸಿ ಒತ್ತು ಕೊಟ್ಟಿದ್ದೆ. ತೊಳೆಯುವಾಗ ಕೈಗೆ ಹಳದಿ ಹತ್ತಿತ್ತು...

ಹೇಳಲಿಲ್ಲ. ಕಲ್ಲು ಸಿಕ್ಕರೆ ಕೆಂಚಣ್ಣ ಹೊರಟುಹೋಗುತ್ತಾನೆ. ಆ ಬಯಲಿನಲ್ಲಿ ನನಗಿದ್ದ ಒಬ್ಬನೇ ಮನುಷ್ಯ ಅವನು. ನಾಳೆ ಹೇಳಿದರಾಯಿತು ಎನ್ನುತ್ತ ಎರಡು ತಿಂಗಳು ತಳ್ಳಿದೆ.

ಒಂದು ಸಂಜೆ ಅವನು ದೊಡ್ಡಮಳೂರಿನ ಮಗಳ ಮನೆಗೆ ಹೊರಟ. ಗೇಟಿಗೆ ಬೀಗ ಜಡಿದು ಕೀಲಿ ನನ್ನ ಕೈಗೇ ಕೊಟ್ಟ. ಟೀ ಇಲ್ಲದ ಆ ರಾತ್ರಿ ಆಟಕ್ಕೆ ಕೂತೆ.

ಮೊದಲು ಬಂದದ್ದು ವಾಸನೆ. ಹಾಲು ಉಕ್ಕಿ ಸೀದ ವಾಸನೆ...

ಪರದೆಯ ಮೇಲೆ ಬೋರನದೊಡ್ಡಿಯ ಬೇಲಿಯಾಚೆ ಒಬ್ಬ ನಿಂತಿದ್ದ. ಆ ಆಟದಲ್ಲಿ ಕೆಲಸಕ್ಕೆ ಹಚ್ಚದವರು ಬೇಲಿಯ ಹೊರಗೆ ನಿಲ್ಲುತ್ತಾರೆ. ಆದರೆ ಅವನನ್ನು ನಾನು ತಂದಿರಲಿಲ್ಲ. ನೋಡುತ್ತಿದ್ದಂತೆ ಇಬ್ಬರಾದರು, ಆರು ಜನರಾದರು, ಬೇಲಿಯುದ್ದಕ್ಕೂ ತುಂಬಿಕೊಂಡರು.

ಹೊರಗೆ ಜಲ್ಲಿಯ ಮೇಲೆ ಬರಿಗಾಲಿನ ಸಪ್ಪಳ. ದನದ ಕೊರಳ ಗಂಟೆ. ಯಾವುದೋ ಮಗುವಿನ ಕೆಮ್ಮು...

ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ನನಗೆ ಸಂತೋಷವಾಯಿತು. ಸದ್ಯ, ಜನ ಬಂದರು ಅನ್ನಿಸಿತು.

ಆಮೇಲೆ ತೂಕದ ಮೀಟರ್ ನೋಡಿದೆ. ಸೊನ್ನೆ ಇರಬೇಕಾದಲ್ಲಿ ಅಂಕಿ ಏರುತ್ತಿತ್ತು. ಒಬ್ಬೊಬ್ಬರೇ ಹತ್ತಿ ನಿಂತ ಹಾಗೆ, ಸ್ವಲ್ಪ ಸ್ವಲ್ಪವೇ. ಕಿಟಕಿಯಾಚೆ ದೀಪದ ಬೆಳಕಿನಲ್ಲಿ ಲಾರಿ ನಿಲ್ಲಿಸುವ ತೂಕದ ಹಾಸು ಖಾಲಿಯಾಗಿತ್ತು.

ಬಾಗಿಲ ಹತ್ತಿರ ಹೆಂಗಸೊಬ್ಬಳ ಪಿಸುದನಿ: "ಇಲ್ಲೇ ಐತೆ ಕಣವ್ವ... ಒಳ್ಗೇ ಐತೆ."

ಮೇಜಿನಡಿಗೆ ಬಗ್ಗಿದೆ. ಕಲ್ಲನ್ನು ಎಳೆದೆ, ಮೇಜು ವಾಲಿತು. ಕಣ್ಣು ಮುಚ್ಚಿ ಬಾಗಿಲು ತೆಗೆದು ಅದನ್ನು ಹೊಸ್ತಿಲಾಚೆ ನೆಟ್ಟಗೆ ನಿಲ್ಲಿಸಿದೆ. ಸಪ್ಪಳ ನಿಂತಿತು. ಮೀಟರಿನ ಅಂಕಿ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂತು.

ಬೆಳಿಗ್ಗೆ ಕೆಂಚಣ್ಣ ಬಂದಾಗ ಕಲ್ಲಿನ ತಲೆಯ ಮೇಲೆ ಯಾರೋ ಹುಯ್ದ ಹಾಲು ಇನ್ನೂ ಹಸಿಯಾಗಿತ್ತು. ಎಲ್ಲವನ್ನೂ ಒಪ್ಪಿಕೊಂಡೆ. ಅವನು ಬೈಯಲಿಲ್ಲ.

"ಗೊತ್ತಿತ್ತು ಕಣಪ್ಪ. ಮೊದ್ಲ ದಿನ ಟೀ ತಂದಾಗ್ಲೇ ನೋಡ್ದೆ."

"ಮತ್ಯಾಕಣ್ಣ ಕೇಳಲಿಲ್ಲ?"

"ಒಬ್ನೇ ಕೂತಿರ್ತಿದ್ದಲ್ಲ. ಒಸಿ ದಿನ ಇರ್ಲಿ ಅಂದ್ಕಂಡೆ."

ಕಲ್ಲನ್ನು ಟವಲಿನಲ್ಲಿ ಸುತ್ತಿ ಹೆಗಲಿಗೇರಿಸಿ ಹೊರಟ. ಮತ್ತೆ ಕೆಲಸಕ್ಕೆ ಬರಲಿಲ್ಲ.

ಆ ರಾತ್ರಿ ಆಟ ತೆರೆದೆ. ಕೊನೆಯವನೂ ಹೊರಟರೆ ಆ ಆಟದಲ್ಲಿ ಊರೇ ಅಳಿಸಿಹೋಗುತ್ತದೆ. ಬೋರನದೊಡ್ಡಿ ಅಳಿಸಿರಲಿಲ್ಲ. ಮನೆ, ಹೊಲ, ಗಿರಣಿ ಎಲ್ಲ ಇದ್ದಲ್ಲೇ ಇದ್ದವು, ಒಳಗೆ ಒಬ್ಬರೂ ಇರಲಿಲ್ಲ. ಬೇಲಿಯಾಚೆ ಮಾತ್ರ ಒಬ್ಬ ನಿಂತಿದ್ದ. ಅವನು ಯಾರೆಂದು ಒತ್ತಿ ನೋಡುವ ಧೈರ್ಯ ಬರಲಿಲ್ಲ.

ಈಗಲೂ ಕೆಲವೊಮ್ಮೆ ರಾತ್ರಿ ಹಾಲು ಸೀದ ವಾಸನೆ ಬರುತ್ತದೆ. ಎದ್ದು ಬಾಗಿಲು ತೆಗೆಯುತ್ತೇನೆ, ಯಾರೂ ಇರುವುದಿಲ್ಲ. ಯಾರಾದರೂ ಇದ್ದಿದ್ದರೆ ಎಂದು ಆಸೆಯಾಗುತ್ತದೆ... ನನಗೆ ಭಯ ಆ ಆಸೆಯದೇ.