ನಮ್ಮೂರಾಗ ಬರ್ಫ

ಜೆರ್ಸಿ ಸಿಟಿಗೆ ಬಂದ ಮೂರನೆಯ ದಿನ ಚಾಕು ಕೇಳಲು ಮೇಲಿನ ಮನೆಗೆ ಹೋದೆ. ಅಡುಗೆಮನೆಯ ಉದ್ದಕ್ಕೂ ಹಗ್ಗ ಕಟ್ಟಿ ಏನನ್ನೋ ಇಳಿಬಿಟ್ಟಿದ್ದರು. ಧಾರವಾಡದಲ್ಲಿ ನಮ್ಮವ್ವ ಶಾವಿಗೆ ಒಣಹಾಕುತ್ತಿದ್ದುದು ಹೀಗೇ. ಕೈ ಚಾಚಿದೆ.

"ಮುಟ್ಟಬೇಡಿ, ಅದು ನನ್ನ ಸಿನಿಮಾ" ಎಂದಳು ಆ ಮನೆಯಾಕೆ.

ನೋಡಿದರೆ ಒಣಗಲು ಬಿಟ್ಟ ಫಿಲ್ಮಿನ ಪಟ್ಟಿಗಳು. ಒಲೆಯ ಮೇಲೆ ಏನೂ ಇಲ್ಲ, ಹಗ್ಗದ ಮೇಲೆ ಸಿನಿಮಾ. ಎಂಥ ದೇಶಕ್ಕೆ ಬಂದೆನಪ್ಪಾ ಎನಿಸಿತು.

ಆಕೆ ಇಂಗ್ರಿಡ್, ನಾರ್ವೆಯ ಕವಿ. ಉತ್ತರದ ಮೀನುಗಾರರ ಹಳ್ಳಿಯವಳು. ತನ್ನ ಭಾಷೆಯಲ್ಲಿ ಎರಡು ಪುಸ್ತಕ ಬರೆದಿದ್ದಳು. ಇಲ್ಲಿ ಓದುವವರೇ ಇಲ್ಲ, ಅದಕ್ಕೇ ಕ್ಯಾಮೆರಾ ಹಿಡಿದೆ ಎನ್ನುತ್ತಿದ್ದಳು. ಕವಿತೆಯ ಒಂದು ಸಾಲನ್ನು ವಾರವಿಡೀ ತಿದ್ದುವವಳು ಕ್ಯಾಮೆರಾದ ವಿಷಯದಲ್ಲಿ ಮಾತ್ರ ಮಹಾ ಹಟಮಾರಿ: ಒಂದೇ ಸಲ ತೆಗೆಯುವುದು, ಎರಡನೆಯದಿಲ್ಲ. ಗಂಡ ಕೆಲಸಕ್ಕೆ ಹೋದ ಮೇಲೆ ನನ್ನ ಉದ್ದನೆಯ ಹಗಲೆಲ್ಲ ಅವಳ ಅಡುಗೆಮನೆಯಲ್ಲೇ ಕಳೆಯುತ್ತಿತ್ತು. ನನ್ನ ಇಂಗಿನ ವಾಸನೆಗೆ ಅವಳು ಒಂದು ತಿಂಗಳಲ್ಲಿ ಒಗ್ಗಿದಳು. ಅವಳ ಒಣಮೀನಿಗೆ ಒಗ್ಗಲು ನನಗೆ ವರ್ಷ ಹಿಡಿಯಿತು. ಆ ಹಗಲುಗಳಿಗಾಗಿ ಈಗಲೂ ಜೀವ ಹಂಬಲಿಸುತ್ತದೆ.

ನಾನು ಬಂದ ಮೂರನೆಯ ಚಳಿಗಾಲದಲ್ಲಿ ಅವಳು ಊರು ಬಿಟ್ಟವರ ಬಗ್ಗೆ ಸಿನಿಮಾ ತೆಗೆಯುತ್ತಿದ್ದಳು. ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ ತಾಯಿಗೆ ಎರಡು ಮಾತು ಹೇಳಬೇಕು; ಆ ದನಿಯನ್ನು ಕ್ಯಾಸೆಟ್ಟಿಗೆ ಇಳಿಸಿ ಅವರವರ ತಾಯಿಗೆ ಕಳಿಸುತ್ತಿದ್ದಳು. ನಮ್ಮವ್ವನಿಗೆ ಓದು ಬಾರದು. ನನ್ನ ದನಿ ಕೇಳದೆ ಅವಳಿಗೆ ಮೂರು ವರ್ಷವಾಗುತ್ತ ಬಂದಿತ್ತು. ಇಳಕಲ್ಲ ಸೀರೆ ಉಟ್ಟು, ಮಾತೆಲ್ಲ ಬಾಯಿಪಾಠ ಮಾಡಿಕೊಂಡು ಕೂತೆ. ಕ್ಯಾಮೆರಾ ಗರ್ರೆಂದಿತು. ಎಲ್ಲ ಮರೆತುಹೋಯಿತು.

"ಅವ್ವಾ, ನಮ್ಮೂರಾಗ ನಿನ್ನೆ ಬರ್ಫ ಬಿದ್ದದ" ಎಂದುಬಿಟ್ಟೆ.

ಧಾರವಾಡದಲ್ಲಿ ಎಲ್ಲಿಯ ಹಿಮ? ನಮ್ಮೂರು ಎಂದದ್ದು ಜೆರ್ಸಿ ಸಿಟಿಗೆ. ಅವ್ವನ ಮನಸ್ಸಿಗೆ ಎಷ್ಟು ನೋವಾದೀತು ಎಂದು ಅಳು ಬಂತು. ಇಂಗ್ರಿಡ್‌ಗೆ ಅರ್ಥ ಹೇಳಿ, ಇನ್ನೊಮ್ಮೆ ತೆಗೆ ಎಂದು ಬೇಡಿಕೊಂಡೆ.

"ನಾನೂ ನಮ್ಮಮ್ಮನಿಗೆ ಕಾಗದದಲ್ಲಿ ಈ ಊರನ್ನೇ ನಮ್ಮೂರು ಎಂದು ಬರೆದೆ" ಎಂದಳು. "ಇದು ಕವಿತೆಯಾಗಿದ್ದರೆ ತಿದ್ದುತ್ತಿದ್ದೆ."

ಅವಳ ತಾಯಿ ಆ ಕಾಗದಕ್ಕೆ ಉತ್ತರ ಬರೆದಿರಲಿಲ್ಲ.

ಕ್ಯಾಸೆಟ್ ಹೋಯಿತು. "ಅವ್ವಗ ಅದೆಲ್ಲಾ ತಿಳಿಯೂದಿಲ್ಲ ಬಿಡು" ಎಂದು ಗಂಡ ಸಮಾಧಾನ ಮಾಡಿದರು. ಎರಡು ತಿಂಗಳು ದಿನಾ ಅಂಚೆಯವನ ದಾರಿ ಕಾದೆ. ಕೊನೆಗೆ, ಅಣ್ಣನ ಕೈಯಲ್ಲಿ ಬರೆಸಿದ ಕಾಗದ ಬಂತು. ಮೊದಲೆಲ್ಲ ಅವ್ವ, ಆ ಊರು ಬಿಟ್ಟು ಯಾವಾಗ ಬರ್ತಿ ಎಂದೇ ಶುರುಮಾಡಿಸುತ್ತಿದ್ದಳು. ಈ ಸಲ ಅದಿರಲಿಲ್ಲ. ಬೈಗುಳವೂ ಇರಲಿಲ್ಲ.

"ನಿಮ್ಮೂರಾಗ ಥಂಡಿ ಭಾಳ ಅಂತ, ಕಿವಿ ಕಟ್ಕೋ. ನಮ್ಮೂರಿಗೆ ಬರೂದಿದ್ರ ಮೊದ್ಲ ಒಂದು ಕಾಗದ ಹಾಕು."