ದೊಡ್ಡಪ್ಪನ ವಿಮಾನದ ಬಲರೆಕ್ಕೆ

ಮೊನ್ನೆ ಪಕ್ಕದ ತಾರಸಿಯಲ್ಲಿ ಯಾರೋ ಒಡೆದ ನೀರಿನ ಟ್ಯಾಂಕಿಗೆ ಫೈಬರ್ ತೇಪೆ ಹಾಕುತ್ತಿದ್ದರು. ಅಂಟಿಸುವ ರೆಸಿನ್ನಿನ ಆ ಘಾಟು ಕಿಟಕಿಯಿಂದ ಒಳಗೆ ಬಂದಾಗ ಟಿ. ನರಸೀಪುರದ ಸೋಸಲೆ ರಸ್ತೆಯ ಮನೆ ನೆನಪಾಯಿತು. ಅಲ್ಲಿ ಒಗೆದ ಲಂಗಕ್ಕೂ ಬಿಸಿ ಅನ್ನಕ್ಕೂ ಅಂಥದೇ ವಾಸನೆ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ದೊಡ್ಡಪ್ಪ, ದೊಡ್ಡಮ್ಮನ ಬಳಿ ಇದ್ದು ಓದುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಫೈಬರ್ ಟ್ಯಾಂಕು ಮಾಡುತ್ತಿದ್ದ ದೊಡ್ಡಪ್ಪ, ಅಂಚೆಯಲ್ಲಿ ತರಿಸಿದ ನಕ್ಷೆ ನೋಡಿಕೊಂಡು, ಒಬ್ಬರೇ ಕೂರುವಂಥ ವಿಮಾನವನ್ನು ಹಜಾರದಲ್ಲಿ ಕಟ್ಟುತ್ತಿದ್ದರು. ಅವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ರವಿಕೆ ಹೊಲಿಯುತ್ತಿದ್ದ ದೊಡ್ಡಮ್ಮ ಗಾಜಿನ ನೂಲಿನ ಬಟ್ಟೆಯನ್ನು ಓರೆಯಾಗಿ, ಒಂದೆಳೆ ಜಾರದಂತೆ ಕತ್ತರಿಸಿ ಕೊಡುತ್ತಿದ್ದರು. ಅದನ್ನು ರೆಕ್ಕೆಯ ಆಕಾರಕ್ಕೆ ಕೊಯ್ದ ಗಟ್ಟಿ ಫೋಮಿನ ಮೇಲೆ ಹಾಸಿ, ರೆಸಿನ್ ಸವರಿ, ಗಾಳಿ ಉಳಿಯದಂತೆ ತೀಡುವುದು ದೊಡ್ಡಪ್ಪನ ಕೆಲಸ. ಉಜ್ಜಿದ ದೂಳಿಗೆ ಮೂವರಿಗೂ ಮೈ ನವೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದೆವು. "ಯಾವತ್ತು ಇಮಾನ ಆರ್ಸೀರಿ ಸಾ?" ಎಂದು ಬೀದಿಯವರು ಕೇಳಿದರೆ ದೊಡ್ಡಪ್ಪ ನಗುತ್ತಿದ್ದರು.

ಐದನೆಯ ವರ್ಷಕ್ಕೆ ಎರಡು ರೆಕ್ಕೆಗಳೂ ಮುಗಿದವು. ಬಿಳಿಗೆರೆಯ ನೆಂಟರ ಹೊಲದಲ್ಲಿ ಮೊದಲು ನೆಲದ ಮೇಲೆ ಓಡಿಸಿ ನೋಡುವುದೆಂದು ಮಾತಾಗಿತ್ತು. ಬಣ್ಣ ಬಳಿಯುವ ಮೊದಲು ರೆಕ್ಕೆಯನ್ನು ನಾಣ್ಯದಿಂದ ಬೆರಳಗಲಕ್ಕೊಮ್ಮೆ ತಟ್ಟಿ ನೋಡಬೇಕಿತ್ತು. ಬಟ್ಟೆ ಸರಿಯಾಗಿ ಅಂಟಿದ್ದರೆ ಗಟ್ಟಿ ಸದ್ದು, ಒಳಗೆ ಬಿಟ್ಟುಕೊಂಡಿದ್ದರೆ ಮಂಕು ಸದ್ದು. ಹಾಗೆ ಬಿಟ್ಟುಕೊಂಡ ಕಡೆ ಹಾರುವಾಗ ರೆಕ್ಕೆ ಮುರಿಯಬಹುದು. ಬಲರೆಕ್ಕೆಯ ಬುಡದಲ್ಲಿ ದೊಡ್ಡಮ್ಮ, ತಟ್ಟುತ್ತಿದ್ದ ದೊಡ್ಡಪ್ಪನ ಕೈ ಹಿಡಿದರು.

"ಇಲ್ಲಿ ಪೊಳ್ಳು ಕಣ್ರೀ."

"ಏನೂ ಇಲ್ಲ ಕಣೇ, ಎಲ್ಲಾ ಒಂದೇ ತರ ಕೇಳ್ತದೆ."

ಕಾರ್ಖಾನೆಯ ಸದ್ದಿಗೆ ದೊಡ್ಡಪ್ಪನ ಕಿವಿ ಮಂದವಾಗಿದ್ದು ನಮಗೆ ಗೊತ್ತಿತ್ತು, ಅವರು ಒಪ್ಪುತ್ತಿರಲಿಲ್ಲ. ನನ್ನನ್ನು ಕರೆದು ಅಲ್ಲೇ ಮತ್ತೆ ತಟ್ಟಿದರು. ಮಂಕು ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅವರ ಮುಖ ನೋಡಿದೆ. "ಸರಿಯಾಗೈತೆ ದೊಡ್ಡಪ್ಪ" ಅಂದೆ.

ದೊಡ್ಡಮ್ಮ ನನ್ನನ್ನು ಬೈಯಲಿಲ್ಲ. "ಅವ್ಳು ಮಗು, ನಿಮ್ಮ ಮನ್ಸು ನೋಯ್ಬಾರ್ದು ಅಂತ ಹಂಗಂತವ್ಳೆ. ನಾನು ನಿಮ್ಜೊತೆ ಬಾಳ್ಬೇಕಾದೋಳು," ಎಂದರು.

ದೊಡ್ಡಪ್ಪ ನಾಣ್ಯವನ್ನು ಕೆಳಗಿಟ್ಟರು. ಆಮೇಲೆ ಗರಗಸ ತಂದು ರೆಕ್ಕೆಯನ್ನು ತಾವೇ ಕೊಯ್ದರು. ಅಂಗೈಯಗಲ ಜಾಗದಲ್ಲಿ ಬಟ್ಟೆ ಫೋಮಿಗೆ ಅಂಟಿರಲೇ ಇಲ್ಲ. ನಾನು ಅಳತೊಡಗಿದೆ. "ಅಳ್ಬ್ಯಾಡ ಕಣವ್ವ. ನಂಗೆ ಕೇಳುಸ್ದೇ ಇದ್ದದ್ದು ನಿಂಗೂ ಕೇಳುಸ್ನಿಲ್ಲ, ಅಷ್ಟೇಯ," ಎಂದರು. ದೊಡ್ಡಮ್ಮ ತಲೆ ತಗ್ಗಿಸಿ ಚೂರುಗಳನ್ನು ಗುಡಿಸುತ್ತಿದ್ದರು.

ಕೊಯ್ದದ್ದರ ಬದಲು ಮಾಡಬೇಕಿದ್ದ ಹೊಸ ರೆಕ್ಕೆಗೆ ಬಟ್ಟೆಯೇನೋ ಬಂತು. ಆದರೆ ಆ ಮಳೆಗಾಲ ದೊಡ್ಡಮ್ಮ ಜ್ವರ ಹಿಡಿದು ಮಲಗಿದವರು ಏಳಲಿಲ್ಲ. ದೊಡ್ಡಪ್ಪ ಒಂದೆರಡು ಸಲ ತಾವೇ ಕತ್ತರಿ ಹಿಡಿದು ನೋಡಿದರು. ಎಳೆಗಳು ಜಾರಿ ಅಂಚೆಲ್ಲ ಕಿತ್ತುಬಂತು. ಮಡಿಸಿಟ್ಟುಬಿಟ್ಟರು. ಒಂದೇ ರೆಕ್ಕೆಯ ವಿಮಾನವನ್ನು ಕಾಲೇಜೊಂದಕ್ಕೆ ಕೊಟ್ಟು, ಕೆಲವು ವರ್ಷಗಳ ನಂತರ ಅವರೂ ಹೋದರು. ಮನೆಯಿದ್ದ ಕಡೆ ಈಗ ಅಂಗಡಿಗಳಿವೆ. ಅಂದು ನನಗೆ ಕೇಳಿಸಿತ್ತು ಎಂದು ಹೇಳಿಕೊಳ್ಳೋಣವೆಂದರೆ, ಕೇಳಬೇಕಾದವರಿಬ್ಬರೂ ಇಲ್ಲ.