ಅಪ್ಪ ಬಿಚ್ಚಿಟ್ಟ ಸ್ವೆಟ್‌ಶರ್ಟ್

ಸ್ನೇಹಿತರೇ, ಇವತ್ತು ನಿಜ ಹೇಳಿ ಅಪ್ಪನನ್ನು ನೋಯಿಸಿದೆ.

ತಮ್ಮನನ್ನು ಬೇಸ್‌ಬಾಲ್ ಆಡಲು ಕರೆದಿರುವ ಚಿಕ್ಕ ಕಾಲೇಜನ್ನು ನೋಡಲು ಹೋಗಿದ್ದೆವು. ಡಿವಿಷನ್ ತ್ರೀ, ಅಂದರೆ ಟಿವಿಯಲ್ಲಿ ಬಾರದ ತಂಡ. ನಾನು ಅರ್ಧಕ್ಕೇ ಬಿಟ್ಟುಬಂದ ದೊಡ್ಡ ಕಾಲೇಜಿನ ಹೆಸರಿರುವ ಸ್ವೆಟ್‌ಶರ್ಟನ್ನು ಅಪ್ಪ ಬೇಕೆಂದೇ ಹಾಕಿಕೊಂಡು ಬಂದಿದ್ದರು.

ಕೋಚ್ ತಮ್ಮನಿಗೆ ಹೇಳಿದರು: "ಮೊದಲ ವರ್ಷವೇ ಆಡಿಸುತ್ತೇನೆ. ಎಸೆಯುವಾಗ ನಿನ್ನ ಭುಜ ಬೇಗ ತಿರುಗುತ್ತದೆ, ಅದನ್ನು ಸರಿಮಾಡೋಣ."

ಅಪ್ಪ ನನ್ನ ಕಡೆ ತಿರುಗಿದರು. "ನಿನ್ನ ಕಾಲೇಜಿನ ಲೆವೆಲ್ಲೇ ಬೇರೆ ಇತ್ತು. ನೀನೇ ಹೇಳೋ ಇವನಿಗೆ."

ಹೇಳಿದೆ. "ಅಪ್ಪಾ, ಎರಡು ವರ್ಷದಲ್ಲಿ ಅಲ್ಲಿ ನಾನು ಒಂದು ಮ್ಯಾಚೂ ಆಡ್ಲಿಲ್ಲ. ಬೆಂಚಲ್ಲೇ ಕೂತಿದ್ದೆ. ನನ್ನ ಭುಜ ಯಾರೂ ನೋಡ್ಲಿಲ್ಲ."

"ಆಡ್ತಿದೀನಿ ಅಂತ ಫೋನಲ್ಲಿ ಹೇಳ್ತಿದ್ದೆಯಲ್ಲೋ?"

"ಸುಳ್ಳು ಹೇಳ್ತಿದ್ದೆ."

"ಐ ಜಸ್ಟ್ ವಾಂಟ್ ಟು ಪ್ಲೇ, ಅಪ್ಪಾ," ಎಂದ ತಮ್ಮ.

ಕಾರಿನಲ್ಲಿ ನಮ್ಮೂರು ಐಸೆಲಿನ್‌ಗೆ ವಾಪಸಾದೆವು. ಮನೆಗೆ ಬಂದಮೇಲೆ ಅಪ್ಪ, "ಅವನು ಅಲ್ಲೇ ಸೇರ್ಲಿ ಬಿಡು," ಎಂದರು. ಸ್ವೆಟ್‌ಶರ್ಟ್ ಬಿಚ್ಚಿ, ಮಡಚಿ, ನನ್ನ ಹಾಸಿಗೆಯ ಮೇಲಿಟ್ಟು ಹೋದರು.

ಈಗ ಅದು ನನ್ನ ಕೈಯಲ್ಲಿದೆ. ಮೊಣಕೈ ಹತ್ತಿರ ಬಟ್ಟೆ ಸವೆದುಹೋಗಿದೆ. ನಮ್ಮ ಮನೆಯಿಂದ ಆ ಕಾಲೇಜಿನ ಪರವಾಗಿ ಆಡಿದ್ದು, ಇದನ್ನು ಸವೆಯುವಷ್ಟು ಹಾಕಿಕೊಂಡು ಓಡಾಡಿದ ಅಪ್ಪ ಒಬ್ಬರೇ.